ವೆಬ್‌ಸೈಟಿನ ಖರ್ಚು ಕೇಳಲು ಹೋದ ಪೋಸ್ಟಲ್ ಆರ್ಡರ್

ನಾನು ಒಂದು ಪೋಸ್ಟಲ್ ಆರ್ಡರ್. ನನ್ನ ಬೆಲೆ ಹತ್ತು ರೂಪಾಯಿ. ಕೊಳ್ಳುವವರು ಮಾತ್ರ ಹನ್ನೊಂದು ಕೊಡಬೇಕು. ಆ ಒಂದು ರೂಪಾಯಿ ಅಂಚೆಯವರ ಕಮಿಷನ್. ನಾನು ಹುಟ್ಟಿದ್ದು ಬಂದೂಕು ಹಿಡಿದ ಕಾವಲುಗಾರರಿದ್ದ ಒಂದು ದೊಡ್ಡ ಮುದ್ರಣಾಲಯದಲ್ಲಿ. ಅಷ್ಟು ಬಿಗಿ ಕಾವಲು ಕಂಡು, ಯಾವುದೋ ಭಾರಿ ಕೆಲಸಕ್ಕೇ ಹುಟ್ಟಿದ್ದೇನೆಂದು ಬೀಗಿದ್ದೆ. ಕಡೆಗೆ ಬಂದು ಬಿದ್ದದ್ದು ಒಂದು ಸಣ್ಣ ಊರಿನ ಅಂಚೆ ಕಚೇರಿಯ ಕಪಾಟಿಗೆ. ನನಗೋ ಒಂದೆಡೆ ಕೂರುವ ಸ್ವಭಾವವಿಲ್ಲ. ಕೈಯಿಂದ ಕೈಗೆ ಹೋಗಿ ನಗದಾಗುವುದೇ ನಮ್ಮ ಕುಲದವರಿಗೆ ಮೋಕ್ಷ. ಕಪಾಟಿನ ಬಾಗಿಲು ಕಿರ್ ಎಂದಾಗಲೆಲ್ಲ ನನ್ನನ್ನೇ ತೆಗೆಯಲು ಬಂದರೆಂದು ಎದ್ದು ಕೂರುತ್ತಿದ್ದೆ.

ಒಂದು ದಿನ ಕಿಟಕಿಯ ಆಚೆಯಿಂದ ಒಬ್ಬ ಹೆಣ್ಣುಮಗಳ ದನಿ ಕೇಳಿತು. "ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿದ್ದು ಒಂದು ಆರ್ಡರ್ ಕೊಡ್ರಿ. ಯಾರ ಹೆಸರಿಗೆ ಬರೀಬೇಕ್ರಿ ಇದನ್ನ?"

"ಹೆಸರಿನ ಜಾಗಾ ಖಾಲೀನ ಬಿಡ್ರಿ," ಎಂದರು ಅಂಚೆಯವರು. "ಒಂದೊಂದು ಆಫೀಸಿನವ್ರು ಒಂದೊಂದು ಹೆಸರು ಕೇಳ್ತಾರ."

ಹೀಗೆ ಹೆಸರೇ ಇಲ್ಲದೆ ನಾನು ಮೆಹರುನ್ನಿಸಾ ಬಾಗವಾನಳ ಕೈ ಸೇರಿದೆ. ಪುರಸಭೆಯ ಎದುರಿಗೇ ಅವಳ ಪುಟ್ಟ ಅಂಗಡಿ. ಝೆರಾಕ್ಸ್ ತೆಗೆಯುವುದು, ಜನರ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬುವುದು, ಕರ ಕಟ್ಟಿಕೊಡುವುದು ಅವಳ ಕೆಲಸ. ನನ್ನನ್ನು ಮೇಜಿನ ಗಾಜಿನ ಕೆಳಗೆ ಇಟ್ಟಳು. ಅಲ್ಲಿಂದ ನೋಡಿದರೆ ಮನುಷ್ಯರ ಗದ್ದವೇ ಮೊದಲು ಕಾಣುತ್ತದೆ. ಅವಳ ಗದ್ದ ಆ ದಿನ ಅಂಗೈ ಬಿಟ್ಟು ಏಳಲೇ ಇಲ್ಲ.

ಅದಕ್ಕೆ ಕಾರಣ ಅಂಗಡಿಯ ಹಿಂದಿನ ಓಣಿಯ ಮುದುಕಿ ದೇಮವ್ವ. ನಳದ ಕರ ಕಟ್ಟೆಂದು ಅವಳು ಮೆಹರುನ್ನಿಸಾಳ ಕೈಗೆ ಹಣ ಕೊಟ್ಟಿದ್ದಳು. ಮೆಹರುನ್ನಿಸಾ ಪುರಸಭೆಯ ವೆಬ್‌ಸೈಟ್ ತೆರೆದು, ತನ್ನ ಖಾತೆಯಿಂದ ಕಟ್ಟಿದಳು. ಪರದೆಯ ಮೇಲೆ ಚಕ್ರ ಗರಗರ ತಿರುಗಿ ನಿಂತುಬಿಟ್ಟಿತು. ಖಾತೆಯಿಂದ ಹಣ ಹೋಯಿತು, ರಸೀದಿ ಬರಲಿಲ್ಲ. ಪುರಸಭೆಯವರು ಹಣ ನಮಗೆ ಮುಟ್ಟಿಲ್ಲ ಎಂದು ದೇಮವ್ವನ ಮನೆಯ ನಳ ಕಿತ್ತುಹಾಕಿದರು.

ಖಾಲಿ ಕೊಡ ಹಿಡಿದೇ ಅವಳು ಆ ದಿನವೂ ಅಂಗಡಿಗೆ ಬಂದಳು. "ನನ್ನ ರೊಕ್ಕಾ ತಿಂದು ನನ್ನ ಮನಿ ನೀರ ನಿಲ್ಲಿಸಿದಿ. ಈಕಿ ಅಂಗಡಿಗೆ ಯಾರೂ ಹೋಗಬ್ಯಾಡ್ರಿ ಅಂತ ಓಣಿ ತುಂಬ ಹೇಳಿ ಬಂದೀನಿ."

"ಆಯಿ, ನಾ ತಿಂದಿಲ್ಲ. ಆ ವೆಬ್‌ಸೈಟ್ ನುಂಗೇತಿ. ಮೊಬೈಲದಾಗ ಮೆಸೇಜ್ ನೋಡ್ರಿ ಇಲ್ಲಿ."

"ಯಂತ್ರ ರೊಕ್ಕಾ ತಿಂತೈತೇನ? ಅದಕ್ಕೇನು ಹೊಟ್ಟಿ ಐತಿ?"

ಮುದುಕಿ ಹೋದ ಮೇಲೆ ಮೆಹರುನ್ನಿಸಾ ತನ್ನಷ್ಟಕ್ಕೇ ಮಾತಾಡಿಕೊಂಡಳು. ತಾನೇ ಇನ್ನೊಮ್ಮೆ ಕಟ್ಟಿಬಿಟ್ಟರೆ ಜಗಳ ಮುಗಿಯುತ್ತದೆ. ಆದರೆ ಕಟ್ಟಿದರೆ, ನೋಡಿ, ತಿಂದದ್ದಕ್ಕೇ ಕಕ್ಕಿದಳು ಎನ್ನುತ್ತಾರೆ. ಅಷ್ಟರಲ್ಲೇ ಗಿರಾಕಿಗಳು ರಸ್ತೆಯ ಆ ಬದಿಯಿಂದ ನಡೆಯತೊಡಗಿದ್ದರು. ಕೈ ಬಾಯಿ ಶುದ್ಧ ಇದ್ದರೇ ಈ ಕಸುಬು ನಡೆಯುವುದು. ಒಮ್ಮೆ ಕಳ್ಳಿ ಎನ್ನಿಸಿಕೊಂಡವಳ ಕೈಗೆ ಕರದ ಹಣವನ್ನು ಯಾರು ಕೊಡುತ್ತಾರೆ?

ಆಗ ಅವಳು ಅರ್ಜಿ ಬರೆಯಲು ಕುಳಿತಳು. ಪುರಸಭೆಯ ವೆಬ್‌ಸೈಟಿನ ಗುತ್ತಿಗೆ ಯಾರದು? ಅವರಿಗೆ ವರ್ಷಕ್ಕೆ ಎಷ್ಟು ಕೊಡುತ್ತೀರಿ? ಕೆಟ್ಟರೆ ಸರಿಪಡಿಸಬೇಕಾದವರು ಯಾರು? ನಡುವೆ ಸಿಕ್ಕಿಕೊಂಡ ಜನರ ಹಣ ಎಲ್ಲಿಗೆ ಹೋಗುತ್ತದೆ? ಇಂಥ ಅರ್ಜಿ ನೂರೈವತ್ತು ಪದ ಮೀರಬಾರದೆಂದು ನಿಯಮವಂತೆ. ಅವಳು ಬೆರಳು ಮಡಚಿ ಎಣಿಸಿ ಎಣಿಸಿ ಪದಗಳನ್ನು ಕಿತ್ತುಹಾಕಿದಳು. 'ದಯವಿಟ್ಟು' ಮೊದಲು ಹೋಯಿತು, 'ತಮ್ಮ ವಿಶ್ವಾಸಿ' ಆಮೇಲೆ. ಆ ಅರ್ಜಿಯ ಮೂಲೆಗೆ ನನ್ನನ್ನು ಗುಂಡುಸೂಜಿಯಿಂದ ಚುಚ್ಚಿದಳು. ನೋವಾಯಿತು, ಆದರೂ ಹೊರಟೆನಲ್ಲ ಎಂಬ ಹುರುಪು.

ಹುರುಪು ಪುರಸಭೆಯ ಮೆಟ್ಟಿಲಿನವರೆಗೆ ಮಾತ್ರ. ಅಲ್ಲಿ ಮಾಹಿತಿ ಅಧಿಕಾರಿ ಕುಂದರಗಿ ಸಾಹೇಬರು. ಕೆಟ್ಟ ಮನುಷ್ಯರಲ್ಲ, ಮೇಜಿನ ಮೇಲಿನ ಕಾಗದ ಬೇರೆ ಯಾವುದಾದರೂ ಮೇಜಿಗೆ ಹೋದರೆ ಸಾಕು ಎನ್ನುವವರು. ಪೋಸ್ಟಲ್ ಆರ್ಡರಿನಲ್ಲಿ ಹೆಸರಿಲ್ಲವೆಂದು ನನ್ನನ್ನು ವಾಪಸ್ ಕಳಿಸಿದರು. ಮೆಹರುನ್ನಿಸಾ ನನ್ನ ಎದೆಯ ಮೇಲೆ 'ಮುಖ್ಯಾಧಿಕಾರಿ, ಪುರಸಭೆ' ಎಂದು ಬರೆದು ಮತ್ತೆ ಕೊಟ್ಟಳು. ಆಗ ಅವರಿಗೆ ವೆಬ್‌ಸೈಟು ಜಿಲ್ಲೆಯವರಿಗೆ ಸೇರಿದ ವಿಷಯ ಎಂಬುದು ಹೊಳೆಯಿತು. ನನ್ನನ್ನು ಜಿಲ್ಲಾ ಕಚೇರಿಗೆ ಕಳಿಸಿದರು. ಜಿಲ್ಲೆಯವರು, ಇದರಲ್ಲಿ ಪುರಸಭೆಯ ಹೆಸರಿದೆ, ನಮಗೆ ಬಾರದು ಎಂದು ತಿರುಗಿ ಅಟ್ಟಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಟಪಾಲಿನ ಚೀಲದಲ್ಲಿ ಹೋಗಿ ಬಂದು ನನ್ನ ಅಂಚು ಜೂಲಾಯಿತು. ತಿರುಗಾಟ ಬೇಕೆಂದು ಹಂಬಲಿಸಿದ್ದು ನಾನೇ, ಆದರೆ ಇಂಥದ್ದನ್ನಲ್ಲ.

ಕಡೆಗೆ ಕುಂದರಗಿ ಸಾಹೇಬರು ಉತ್ತರ ಬರೆದರು. "ತಾವು ಕೇಳಿದ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಪುರಸಭೆಯ ವೆಬ್‌ಸೈಟ್‌ನಲ್ಲಿ ಪ್ರಕಟಿಸಲಾಗಿದೆ. ಅಲ್ಲಿಯೇ ನೋಡಿಕೊಳ್ಳುವುದು."

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದ ಕಾಗದಗಳು ಗದರಿಸಿದವು. ಸಾಹೇಬರು ತಮಾಷೆಗೆ ಬರೆದದ್ದಲ್ಲ. ವೆಬ್‌ಸೈಟಿನಲ್ಲಿ ಇದೆ ಎಂದು ಬರೆಯಬೇಕೆಂದು ಸುತ್ತೋಲೆ ಇತ್ತು, ಬರೆದರು. ಅವರು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮೆಹರುನ್ನಿಸಾ ಮೇಲ್ಮನವಿ ಹಾಕಿದಳು. ಅದರ ವಿಚಾರಣೆ ಮುಖ್ಯಾಧಿಕಾರಿ ಮೇಡಂ ಅವರ ಕೋಣೆಯಲ್ಲಿ. ಕಡತದ ಜೊತೆ ನಾನೂ ಹೋದೆ. ನನ್ನ ಎದೆಯ ಮೇಲೆ ಹುದ್ದೆ ಬರೆಸಿಕೊಂಡ ಒಡತಿಯನ್ನು ಮೊದಲ ಸಲ ಕಂಡದ್ದು ಅಂದೇ. ಅವರು ನನ್ನ ಕಡೆ ನೋಡಲೂ ಇಲ್ಲ.

"ಮೇಡಂ, ನಾ ಬ್ಯಾರೇ ಏನೂ ಕೇಳಂಗಿಲ್ರಿ," ಎಂದಳು ಮೆಹರುನ್ನಿಸಾ. "ಸಾಹೇಬರು ಆ ವೆಬ್‌ಸೈಟ್ ತಮ್ಮ ಕಂಪ್ಯೂಟರದಾಗ ತಗದ ತೋರಿಸ್ಲಿ, ಸಾಕು."

ಕುಂದರಗಿ ಸಾಹೇಬರು ಒತ್ತಿದರು. ಚಕ್ರ ತಿರುಗಿತು. ಚಹಾ ಬಂತು, ಆರಿ ಕೆನೆಗಟ್ಟಿತು. ಚಕ್ರ ತಿರುಗುತ್ತಲೇ ಇತ್ತು.

"ನೆಟ್ ಸ್ಲೋ ಐತ್ರಿ, ಮೇಡಂ."

"ನನ್ನ ಫೋನಿನ್ಯಾಗ ಛಲೋ ಐತಲ್ರಿ, ಕುಂದರಗಿ. ಗುತ್ತಿಗಿ ಕಡತ ತರಸ್ರಿ. ಆಕಿ ಇಲ್ಲೇ ಕುಂತು ನೋಡ್ಲಿ."

ಕಡತ ಬಂತು. ಉಂಡು ಮಲಗಿದ ಸಾಹುಕಾರನಂತೆ ದಪ್ಪಗೆ ನನ್ನ ಪಕ್ಕದಲ್ಲಿ ಒರಗಿತು. ನಿರ್ವಹಣೆಗೆಂದು ಕಂಪನಿಗೆ ವರ್ಷಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರ. ಕೆಟ್ಟರೆ ಎರಡು ದಿನದೊಳಗೆ ಸರಿಪಡಿಸಬೇಕೆಂಬ ಕರಾರು. ಮೆಹರುನ್ನಿಸಾ ಒಂದೊಂದೇ ಹಾಳೆ ತಿರುವಿದಳು. ಕಂಪನಿಯ ಒಂದು ಬಿಲ್ಲಿನ ಬೆನ್ನಿಗೆ ಒಂದು ಪತ್ರ ಪಿನ್ನಾಗಿತ್ತು. ವೆಬ್‌ಸೈಟ್ ಕೆಟ್ಟು ನಿಂತಾಗ ಸಿಕ್ಕಿಕೊಂಡ ಕರದ ಹಣವನ್ನೆಲ್ಲ ಪುರಸಭೆಯ ಖಾತೆಗೆ ತುಂಬಿದ್ದೇವೆ, ಆಯಾ ಜನರ ಲೆಕ್ಕಕ್ಕೆ ಹಾಕಿಕೊಳ್ಳಿ ಎಂದು ಬರೆದು, ಕೆಳಗೆ ನಳಗಳ ನಂಬರು ಕೊಟ್ಟಿದ್ದರು. ದೇಮವ್ವನ ನಳವೂ ಅದರಲ್ಲಿತ್ತು. ಊರು ಯಾವ ಹಣವನ್ನು ಮೆಹರುನ್ನಿಸಾ ತಿಂದಳೆಂದು ಹೇಳುತ್ತಿತ್ತೋ, ಅದು ಆರು ತಿಂಗಳಿಂದ ಪುರಸಭೆಯಲ್ಲೇ ಕೊಳೆಯುತ್ತಿತ್ತು.

"ನಾ ಮ್ಯಾಲಿನ ಬಿಲ್ ಅಷ್ಟ ನೋಡಿ ಸಹಿಗೆ ಇಟ್ಟೀನ್ರಿ," ಎಂದರು ಕುಂದರಗಿ. ಅವರ ದನಿ ಬಹಳ ಸಣ್ಣದಾಗಿತ್ತು.

ಮೆಹರುನ್ನಿಸಾ ಆ ನಂಬರಿನ ಮೇಲೆ ಬೆರಳಿಟ್ಟುಕೊಂಡು ಅತ್ತಳು. ನನಗೂ ದುಃಖ ಉಕ್ಕಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿಗೆ ವರ ತನ್ನ ಕೈಯಲ್ಲೇ ಇದೆಯೆಂದೂ ಗೊತ್ತಿರಲಿಲ್ಲ.

ಈಗ ನಾನು ಪುರಸಭೆಯ ದಾಖಲೆ ಕೋಣೆಯಲ್ಲಿದ್ದೇನೆ. ನನ್ನನ್ನು ಯಾರೂ ನಗದು ಮಾಡಿಕೊಳ್ಳಲಿಲ್ಲ. ಹತ್ತು ರೂಪಾಯಿಗಾಗಿ ಅಂಚೆ ಕಚೇರಿಗೆ ಯಾರು ಹೋಗುತ್ತಾರೆ? ಗುಂಡುಸೂಜಿಯ ತುಕ್ಕು ನನ್ನ ಮೈಗೆ ಇಳಿದಿದೆ. ಹಳೆಯ ಕಡತಗಳು ಮಲಗು ಎನ್ನುತ್ತವೆ. ನಾನು ಮಲಗಲಾರೆ. ನನ್ನನ್ನು ಇಲ್ಲಿಗೆ ತರುವ ಮುಂಚಿನ ಒಂದು ಬೆಳಗ್ಗೆ ನೆನಪಾಗಿ ಎಚ್ಚರವಾಗಿಬಿಡುತ್ತದೆ.

ಅಂದು ನಾನಿನ್ನೂ ಕುಂದರಗಿ ಸಾಹೇಬರ ಮೇಜಿನ ಮೇಲಿದ್ದೆ. ದೇಮವ್ವನ ನಳ ಜೋಡಿಸಿ ಕೆಲವು ದಿನಗಳಾಗಿದ್ದವು. ಎದುರಿನ ಅಂಗಡಿಗೆ ಮಾತ್ರ ಗಿರಾಕಿಗಳು ಇನ್ನೂ ತಿರುಗಿ ಬಂದಿರಲಿಲ್ಲ. ದೇಮವ್ವ ಬಂದು ಮೇಜಿನ ಮೇಲೆ ಹೊಸ ಪೋಸ್ಟಲ್ ಆರ್ಡರ್ ಒಂದನ್ನು ಇಟ್ಟಳು.

"ನೀರು ಬಂತಲ್ಲ ಆಯಿ, ಮತ್ತೇನು?"

"ಊರ ಮುಂದ ಆಕೀನ ಕಳ್ಳಿ ಅಂದೀನ್ರಿ ಸಾಹೇಬ್ರ. ಆಕಿ ಕಳ್ಳಿ ಅಲ್ಲ ಅಂತ ಆಫೀಸಿನ ಸಿಕ್ಕಾ ಹೊಡದ ಬರದ ಕೊಡ್ರಿ."

"ಹಂಗ ಬರದ ಕೊಡಾಕ ಕಾಯ್ದೆದಾಗ ಬರಂಗಿಲ್ಲ, ಆಯಿ. ಇದ್ದ ಕಾಗದದ ನಕಲು ಅಷ್ಟ ಕೊಡ್ತೀವಿ."

"ಹಂಗಾರ ನಾ ಅಂದ ಮಾತು ಹಿಂದ ತಗೊಳ್ಳಾಕ ಯಾವ ಆಫೀಸಿಗೆ ಅರ್ಜಿ ಕೊಡ್ಲಿ?"

ಕುಂದರಗಿ ಸಾಹೇಬರು ಈ ಸಲ ಮುದುಕಿಯನ್ನು ಬೇರೆ ಮೇಜಿಗೆ ಕಳಿಸಲಿಲ್ಲ. ಆ ಹೊಸ ಆರ್ಡರನ್ನು ಅವಳ ಕೈಗೇ ತಿರುಗಿ ಕೊಟ್ಟು, "ನಾನೂ ಆಗ ಕಾಗದ ನೋಡದನ ರೊಕ್ಕಾ ಮುಟ್ಟಿಲ್ಲ ಅಂತ ಸುಳ್ಳು ಹೇಳೀನಿ, ಆಯಿ. ಬರ್ರಿ," ಎಂದು ಎದ್ದರು.

ನನ್ನನ್ನು ಅವರು ಕಡತದಲ್ಲೇ ಬಿಟ್ಟು ಹೋದರು. ಕಿಟಕಿಯಿಂದ ದನಿ ಮಾತ್ರ ಕೇಳಿತು. ಓಣಿಯ ಮೊದಲ ಮನೆಯ ಬಾಗಿಲು ಬಡಿದ ಸದ್ದು, ಆಮೇಲೆ ಮುದುಕಿಯ ಗಟ್ಟಿ ದನಿ: "ಬಾಗವಾನರ ಹುಡುಗಿ ನನ್ನ ರೊಕ್ಕಾ ತಿಂದಿಲ್ರೀ." ಹಿಂದೆಯೇ ಸಾಹೇಬರ ಸಣ್ಣ ದನಿ: "ಹೌದ್ರಿ, ನಮ್ಮ ಕಡೇನ ಇತ್ತರಿ." ಎರಡನೆಯ ಬಾಗಿಲಲ್ಲೂ ಅದೇ. ಮೂರನೆಯದರಲ್ಲೂ ಅದೇ.