ಕರ್ನಲ್ ಅಮ್ಮನ ಹೆಸರು

ನಮ್ಮ ನಾಯಿ ಪಾರ್ಕಿನಲ್ಲಿ ಮನುಷ್ಯರಿಗೆ ಹೆಸರಿಲ್ಲ, ನಾಯಿಗಳ ಹೆಸರಿನಿಂದಲೇ ಗುರುತು. ನಾನು ಬೀನ್ಸ್ ಅಪ್ಪ. ಬೆಂಚಿನ ಮೇಲೆ ಟ್ರಂಪೆಟ್ ಒರೆಸುತ್ತ ಕೂರುವ ಮುದುಕ ಡಚೆಸ್ ತಾತ. ದಿನಾ ನನ್ನೊಡನೆ ಹರಟುವ ಆಕೆ ಕರ್ನಲ್ ಅಮ್ಮ. ಕರ್ನಲ್‌ಗೆ ಕೋಳಿ ತಿಂದರೆ ನವೆ, ಗುಡುಗು ಕೇಳಿದರೆ ಭೇದಿ ಎಂಬುದೆಲ್ಲ ನನಗೆ ಬಾಯಿಪಾಠ. ಅಮ್ಮನ ಹೆಸರು ಮಾತ್ರ ಗೊತ್ತಿಲ್ಲ. ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಯಾವ ಮುಖ ಇಟ್ಟುಕೊಂಡು ಕೇಳುವುದು?

ನಾನು ಮಾಡುವ ಕೆಲಸವಾದರೂ ಎಂಥದ್ದು! ಅಂಗಡಿಗಳಿಗೆ ಹೆಸರು ಬರೆಯುವುದು. ನ್ಯೂ ಆರ್ಲಿಯನ್ಸಿನ ಈ ಹಳೇ ಕಲಾವಿದರ ಕೇರಿಯಲ್ಲಿ ಅರ್ಧಕ್ಕರ್ಧ ಬಾಗಿಲುಗಳ ಮೇಲಿರುವುದು ನನ್ನ ಕುಂಚದ ಅಕ್ಷರಗಳೇ.

ಕೇಳದೆ ಗತಿಯೂ ಇರಲಿಲ್ಲ. ನಲವತ್ತಾರರ ವಯಸ್ಸಿನಲ್ಲಿ ನಾಚಿಕೆಯಿಲ್ಲದೆ ನನಗೆ ಆಕೆಯ ಮೇಲೆ ಮನಸ್ಸಾಗಿತ್ತು. ಭಾನುವಾರ ಸಂಜೆ ನದಿ ದಂಡೆಯಲ್ಲಿ ಬ್ಯಾಂಡು, ಕುಣಿತ. ಆಕೆಯನ್ನು ಕರೆಯಲೇಬೇಕು. ‘ಕರ್ನಲ್ ಅಮ್ಮಾ, ಕುಣೀತೀರಾ?’ ಎಂದರೆ ಕರ್ನಲ್ಲೇ ನಕ್ಕೀತು.

“ಕೇಳ್ಬಿಡೋ ಮಂಕೇ,” ಎಂದ ತಾತ. “ಹೆಸರು ಕೇಳಿದ್ರೆ ಕಚ್ಚುತ್ತಾಳಾ?”

“ನೀನೇ ಹೇಳ್ಬಾರ್ದಾ ತಾತ?”

“ನಂಗೇನೋ ಗೊತ್ತು? ನನ್ನ ಹೆಂಡ್ತಿ ಹೆಸರು ನೆನಪಿರೋದೇ ಅವಳು ನನ್ನ ಕೈ ಮೇಲೆ ಹಚ್ಚೆ ಹಾಕ್ಸಿರೋದ್ರಿಂದ.”

ಅಷ್ಟರಲ್ಲಿ ಹೊರಗಿನ ಗೇಟು ಕಿರುಗುಟ್ಟಿತು. ಕರ್ನಲ್ ಅಮ್ಮ ಅದನ್ನು ಮುಚ್ಚಿ ಒಳಗಿನ ಗೇಟು ತೆರೆದದ್ದೇ ತಡ, ಕರ್ನಲ್ ತನ್ನ ಉದ್ದನೆಯ ಕಾಲು ಬೀಸುತ್ತ ಬಂದು ನನ್ನ ಗಿಡ್ಡ ಬೀನ್ಸ್‌ನ ಮೇಲಿಂದ ಹಾರಿತು. ಬೀನ್ಸ್ ಅದರ ಹೊಟ್ಟೆಯಡಿ ನುಸುಳಿ, ನೀರಿನ ಬೋಗುಣಿ ಮಗುಚಿ, ತಾತ ಕಾಲ ಬಳಿ ಇಟ್ಟಿದ್ದ ಟೋಪಿ ಕಚ್ಚಿಕೊಂಡು ಓಡಿತು.

“ರೀ ಬೀನ್ಸ್ ಅಪ್ಪಾ,” ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ನಾನು ಮಡಿಕೆ ಅಂಗಡಿ ಇಡ್ತಿದೀನಿ. ಕಟ್ಟಡದ ಮಾಲೀಕರು ಯಾರ ಕೈಲೋ ಬಾಗಿಲ ಮೇಲೆ ನನ್ನ ಹೆಸರು ಬರೆಸಿದಾರೆ. ಆ ಮಹಾನುಭಾವ ಕೊನೇ ಅಕ್ಷರಕ್ಕೆ ನಾಯಿ ಬಾಲ ಅಂಟಿಸಿದಾನೆ! ಸಿಕ್ಕಿದ್ರೆ ಕಿವಿ ಹಿಂಡ್ತೀನಿ.”

ಮಂಗಳವಾರ ಮಾಲೀಕ ಕೊಟ್ಟ ಚೀಟಿ ನೋಡಿಕೊಂಡು, ಇಷ್ಟುದ್ದದ ಹೆಸರು ಯಾರದಪ್ಪಾ ಎಂದು ಬೈಯುತ್ತ ಚಿನ್ನದ ಬಣ್ಣದಲ್ಲಿ ನಾನೇ ಬರೆದದ್ದು. ಕಾಲ ಬಳಿ ಮಲಗಿದ್ದ ಬೀನ್ಸ್‌ನ ಬಾಲ ನೋಡಿ ಕೈ ಸುಮ್ಮನಿರಲಿಲ್ಲ.

“ಅಳಿಸಿಬಿಡ್ಲಾ?” ಎಂದೆ, ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ.

“ಮುಟ್ಟಿ ನೋಡಿ, ಗೊತ್ತಾಗತ್ತೆ!” ಆಕೆ ಬೀನ್ಸ್‌ನ ಹಿಂಭಾಗದತ್ತ ಬೆರಳು ತೋರಿಸಿದಳು. “ಎಡಕ್ಕೆ ಎರಡು ಸುತ್ತು. ಇಂಥ ಬಾಲ ಈ ಊರಲ್ಲಿ ಒಂದೇ ಇರೋದು. ನೋಡಿದ ತಕ್ಷಣ ನೀವೇ ಅಂತ ಗೊತ್ತಾಯ್ತು.”

“ಡೆಲ್ಫೀನ್,” ಎಂದೆ, ಆ ಚೀಟಿಯಲ್ಲಿದ್ದ ಹೆಸರು ನೆನೆದು. ಎಷ್ಟು ಚೆನ್ನಾಗಿತ್ತು ಆ ಹೆಸರು! “ಡೆಲ್ಫೀನ್ ಆರ್ಸನೋ, ಭಾನುವಾರ ನನ್ನ ಜೊತೆ ಕುಣಿಯೋಕೆ ಬರ್ತೀರಾ?”

ತಾತ ಟೋಪಿಯ ಆಸೆ ಬಿಟ್ಟು ಟ್ರಂಪೆಟ್ ಎತ್ತಿಕೊಂಡ.

“ಬರ್ತೀನಿ,” ಎಂದಳು. ಆಮೇಲೆ ಆಕೆಯ ಮುಖ ಕಿವಿಯವರೆಗೂ ಕೆಂಪೇರಿತು. “ಆದ್ರೆ ಒಂದೂವರೆ ವರ್ಷದಿಂದ ಕೇಳೋಕೆ ನಾಚಿಕೆ ಕಣ್ರೀ... ನಿಮ್ಮ ಹೆಸರೇನು?”

ಖುಷಿಯಲ್ಲಿ ನನಗೆ ನನ್ನ ಹೆಸರೇ ಮರೆತುಹೋಗಿತ್ತು.

“ಬೀನ್ಸ್,” ಎಂದೆ.

ಟೋಪಿ ಕಚ್ಚಿಕೊಂಡೇ ಬೀನ್ಸ್ ಓಡಿಬಂತು.