ಕಿಟ್ಟದ ಗುಡ್ಡದ ಚಿತ್ರ

ಲುಬುಂಬಾಶಿಯ ತಾಮ್ರದ ಕುಲುಮೆ ಉಗುಳಿದ ಕಪ್ಪು ಕಿಟ್ಟದ ಗುಡ್ಡವನ್ನು ಮ್ವೆಪು ಪ್ರಾಯದಿಂದಲೂ ಬರೆಯುತ್ತ ಬಂದಿದ್ದ. ಕುಂಚ ಮುಟ್ಟಿದವನಲ್ಲ, ಎಲ್ಲ ಬಣ್ಣದ ಚಾಕುವಿನಲ್ಲೇ. ಅವನ ಗುಡ್ಡ ಊರಿನ ಒಂದು ಗೋಡೆಯನ್ನೂ ಏರಿರಲಿಲ್ಲ. ದುಡ್ಡಿದ್ದವರಿಗೆ ಬೇಕಾದದ್ದು ಕೆಂಪು ಸೂರ್ಯ, ಕೊಡೆಯಂಥ ಮರ, ಕೆಳಗೊಂದು ಆನೆ. ಆ ಆನೆಯನ್ನು ಅವರಪ್ಪನೂ ಕಂಡಿರಲಿಲ್ಲ.

ಹೊಸ ಹೋಟೆಲಿನ ಮಾಲೀಕ ಕಜಾದಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದ. ಹಜಾರದ ಗೋಡೆಯ ಮೇಲೆ ಮ್ವೆಪುವಿನ ಹಳೆಯ ಶಿಷ್ಯ ಕ್ಯುಂಗು ಬರೆದ ಆನೆ. ದಪ್ಪಗೆ ಕಾಣಲೆಂದು ಬಣ್ಣಕ್ಕೆ ಅಡುಗೆಯ ತಾಳೆ ಎಣ್ಣೆ ಕಲಸಿ, ಒಣಗುವ ಮೊದಲೇ ತೂಗುಹಾಕಿದ್ದ. ಸೂರ್ಯ ಜಾರಿ ಆನೆಯ ಬೆನ್ನೇರಿದ್ದ. ಸೊಂಡಿಲು ಚೌಕಟ್ಟು ದಾಟಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಬಾಬಾ, ಸಂಜೆ ಗವರ್ನರ್ ಬರ್ತಾರೆ. ಇದನ್ನ ಹೆಂಗಾದ್ರೂ ರಿಪೇರಿ ಮಾಡ್ಕೊಡಿ," ಎಂದ ಕಜಾದಿ.

"ರಿಪೇರಿ ಯಾಕೆ? ಬಾಣಲೆಗೆ ಹಾಕ್ಸಿ, ಮೀನು ಕರೀಬೋದು."

"ಎಣ್ಣೆ ಒಳ್ಳೇದೇ ಇತ್ತು ಬಾಬಾ," ಕ್ಯುಂಗು ಗೊಣಗಿದ.

"ಎಣ್ಣೆಗೇನಾಗಿದೆಯಪ್ಪ, ಕೆಟ್ಟಿರೋದು ನಿನ್ನ ಕೈ." ಮ್ವೆಪು ಕಜಾದಿಯತ್ತ ತಿರುಗಿದ. "ಆನೆ ಕೆರೆದು ಬಿಸಾಕ್ತೀನಿ. ಇಲ್ಲಿ ನನ್ನ ಗುಡ್ಡ ಬರ್ಬೇಕು, ಅದರ ಮೇಲೆ ನನ್ನ ಹೆಸರು. ಒಪ್ಪಿಗೆಯಾ?"

ಕಜಾದಿ ಅವಸರದಲ್ಲಿ ತಲೆಯಾಡಿಸಿದ.

ಮ್ವೆಪು ಚಿತ್ರವನ್ನು ಕೆಳಗಿಳಿಸಿ ಆನೆಯನ್ನು ಪೂರ್ತಿ ಕೆರೆದ, ಪೆಟ್ರೋಲಿನಲ್ಲಿ ಒರೆಸಿದ. ಗುಡ್ಡದ ಇಳಿಜಾರನ್ನು ಒಂದೊಂದೇ ಎಳೆತದಲ್ಲಿ, ಜಾರದ ಹಾಗೆ ತೆಳುವಾಗಿ ಇಳಿಸಿದ. ಚಾಕುವಿನ ಅಂಚಿನಲ್ಲಿ ಚಿಮಣಿಯನ್ನು ನಿಲ್ಲಿಸಿದ. ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯುವಾಗ ಗುಡ್ಡ ಗೋಡೆಗೇರಿತ್ತು. ಇಷ್ಟು ಚೆನ್ನಾಗಿ ಅದು ಅವನ ಕೈಗೆ ಎಂದೂ ಸಿಕ್ಕಿರಲಿಲ್ಲ.

ಕಜಾದಿ ಬಂದು ನೋಡಿ ಮುಖ ಹುಳ್ಳಗೆ ಮಾಡಿದ. "ಈ ಕಸದ ಗುಡ್ಡಾನೇ ಬೇಕಿತ್ತಾ? ಹೋಗ್ಲಿ, ಟೈಮಿಲ್ಲ. ಹೆಸರು ಮಾತ್ರ ಕ್ಯುಂಗೂದು ಹಾಕಿ ಬಾಬಾ. ಆಮಂತ್ರಣದಲ್ಲಿ ಹಂಗೇ ಅಚ್ಚಾಗಿದೆ."

ಕ್ಯುಂಗು ಸೂರು ನೋಡುತ್ತ ನಿಂತ.

ಮ್ವೆಪು ಅಗಲದ ಚಾಕು ತೆಗೆದುಕೊಂಡು ಹಸಿ ಗುಡ್ಡವನ್ನು ಮೇಲಿನಿಂದ ಬುಡದವರೆಗೆ ಕೆರೆದ. ಕಜಾದಿ ಕಿರುಚಿ ತೋಳು ಹಿಡಿದರೂ ನಿಲ್ಲಿಸಲಿಲ್ಲ. ಕೆರೆದ ಬಣ್ಣವನ್ನೆಲ್ಲ ಒಟ್ಟುಮಾಡಿ ಕ್ಯುಂಗುವಿನ ಅಂಗೈಗೆ ಬಳಿದ.

"ತಗೋ. ಗುಡ್ಡ ಪೂರ್ತಿ ಇದೆ. ಹೆಸರು ಹಾಕ್ಕೋ."

ಹೊರಗೆ ಗವರ್ನರರ ಕಾರುಗಳ ಹಾರ್ನು ಕೇಳಿಸಿತು. ಮ್ವೆಪು ಚಾಕುವನ್ನು ಹೋಟೆಲಿನ ಬಿಳಿ ಪರದೆಗೆ ಒರೆಸಿ, ಅಡುಗೆಮನೆಯ ಬಾಗಿಲಿನಿಂದ ಹೊರಬಿದ್ದ.