ನೂರ ಎಂಬತ್ತಮೂರನೆಯ ನಡೆಯ ಮುಂದೆ

"ಇಲ್ಲಿಗೇ ಯಾಕೆ ನಿಲ್ಲಿಸಿದ್ರಿ?" ಫುಮಿಎ ಹಳದಿಗಟ್ಟಿದ ಹಾಳೆಯ ಮೇಲೆ ಬೆರಳಿಟ್ಟಳು. ನೂರ ಎಂಬತ್ತಮೂರನೆಯ ನಡೆಯ ಕೆಳಗೆ ಒಂದೇ ಸಾಲು: 'ಮುಂದಿನದನ್ನು ಬಿಟ್ಟಿದೆ. ಕಪ್ಪಿಗೆ ಒಂದು ಮನೆಯ ಸೋಲು.' ಕಪ್ಪು ಕಲ್ಲು ಅವಳ ಅಪ್ಪನದು.

ನಿಶಿಗಾಕಿ ಕನ್ನಡಕ ಏರಿಸಿಕೊಂಡರು. ಐವತ್ತೆರಡು ವರ್ಷದ ಹಿಂದೆ ಓನೊಮಿಚಿಯಲ್ಲಿ, ಕಲ್ಲಿಟ್ಟು ಬೇಲಿ ಕಟ್ಟಿ ಹೆಚ್ಚು ಮನೆ ಹಿಡಿದವರು ಗೆಲ್ಲುವ ಗೋ ಆಟದ ಆ ಪಂದ್ಯದಲ್ಲಿ ನಡೆ ಬರೆದುಕೊಳ್ಳಲು ಕೂತಿದ್ದವರು ಅವರೇ.

"ಕೊನೇ ನಡೆಗಳನ್ನ ಯಾರು ಬರೀತಾರಮ್ಮ? ಬೇಲಿ ಕಟ್ಟಿ ಆದ್ಮೇಲೆ ಸಂದು ಮುಚ್ಚೋ ಕೆಲಸ ಅದು."

"ಮುಚ್ಚಿ ನೋಡಿದೀನಿ. ಯಾವ ಕಡೆಯಿಂದ ಮುಚ್ಚಿದ್ರೂ ಅಪ್ಪನೇ ಎರಡು ಮನೆ ಮುಂದೆ. ಸೋತದ್ದು ಹೇಗೆ?"

ಅಪ್ಪನ ಆಟಗಳನ್ನೆಲ್ಲ ಪುಸ್ತಕ ಮಾಡಲು ಹೊರಟವಳಿಗೆ ಇದೊಂದು ಗಂಟಲಿನ ಮುಳ್ಳಾಗಿತ್ತು. ಅವಳು ಹುಟ್ಟಿದ ದಿನದ ಆಟ ಅದು. ಹೆರಿಗೆ ಕಷ್ಟವಾಗಿದೆ, ಕೂಡಲೇ ಬಾ ಎಂದು ಎದುರಿನ ದ್ವೀಪದ ಆಸ್ಪತ್ರೆಯಿಂದ ಫೋನು ಬಂದರೂ ಅಪ್ಪ ಆಟ ಮುಗಿಸಿಯೇ ಎದ್ದನಂತೆ. ಬರುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಅಮ್ಮ ತೊಮಿ ಇದನ್ನು ಅವನು ಸತ್ತ ಮೇಲೂ ಕ್ಷಮಿಸಿರಲಿಲ್ಲ. ಅವನ ಫೋಟೊ ಮುಂದೆ ದಿನಾ ಒಂದು ಲೋಟ ನೀರಿಡುವಳು, ಅಷ್ಟೇ, ಒಂದಗುಳು ಅನ್ನವಿಲ್ಲ. ಪುಸ್ತಕದ ಮಾತೆತ್ತಿದರೆ, "ನನ್ನ ಸವತಿಯ ಜಾತಕ ಈ ಮನೆಯೊಳಗೆ ಬೇಡ" ಅನ್ನುವಳು.

ನಿಶಿಗಾಕಿ ಹಾಳೆ ಸವರಿದರು.

"ನನ್ನ ಕೈಲಿ ಬರೆಯೋಕಾಗ್ಲಿಲ್ಲಮ್ಮ. ಎರಡೂವರೆಗೆ ಆ ಫೋನಿನ ಚೀಟಿ ಬಂತು ನೋಡು, ನಿಮ್ಮಪ್ಪ ಯೋಚನೆ ಮಾಡೋದೇ ಬಿಟ್ರು. ಎದುರಿನವರ ಕಲ್ಲು ಕೂರೋದೇ ತಡ, ಇವರ ಕಲ್ಲು ಟಪ್ ಅಂತ ಬೀಳ್ತಿತ್ತು. ಎರಡು ಗಂಟೆ ಹಿಡಿಯೋದು ಒಂಬತ್ತು ನಿಮಿಷಕ್ಕೆ ಮುಗೀತು. ನನ್ನ ಪೆನ್ನು ಹಿಂದೆ ಬಿತ್ತು. ನಾಚಿಕೆಗೆ 'ಬಿಟ್ಟಿದೆ' ಅಂತ ಗೀಚಿದೆ."

"ಸೋತೆ ಅಂತ ಹೇಳಿ ಎದ್ದು ಬರಬಹುದಿತ್ತಲ್ಲ!"

"ಗೆಲ್ಲೋ ಆಟಾನಾ? ಎದುರಿಗಿದ್ದವರು ಎಪ್ಪತ್ತು ದಾಟಿದ ಹಿರೀಕರು, ಅವರ ಕೊನೇ ಪಂದ್ಯ. ಗೆಲ್ಲೋನು ಸೋತೆ ಅಂದ್ರೆ ಆ ಮುದುಕರಿಗೆ ಭಿಕ್ಷೆ ಹಾಕಿದ ಹಾಗೆ. ನಿಮ್ಮಪ್ಪ ಲೆಕ್ಕ ಮುಗಿಸಿ ತಲೆಬಾಗಿ ಎದ್ದವರೇ, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನಂದು ಮೆಟ್ಕೊಂಡು ದೋಣಿಕಟ್ಟೆಗೆ ಓಡಿದ್ರು."

ಮಧ್ಯಾಹ್ನದ ದೋಣಿಯಲ್ಲಿ ಫುಮಿಎ ದ್ವೀಪಕ್ಕೆ ಮರಳಿದಳು. ತೊಮಿ ಕಾಕಿ ಹಣ್ಣಿನ ಸಿಪ್ಪೆ ತೆಗೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಚಪ್ಪಲಿಯ ಮಾತು ಬಂದಾಗ ಚಾಕು ನಿಂತಿತು.

"ಹೌದು, ಎರಡು ಕಾಲಿಗೆ ಎರಡು ಥರದ್ದಿತ್ತು," ಎಂದಳು. "ಕುಡಿದು ಬಂದಿದಾರೆ ಅಂದ್ಕೊಂಡೆ. ಎಷ್ಟರಲ್ಲಿ ಸೋತ್ರು?"

"ಒಂದೇ ಒಂದು ಮನೆ ಅಮ್ಮ."

"ಅಯ್ಯೋ, ದಡ್ಡ ಮನುಷ್ಯ! ಅವತ್ತು ಮುಂದಿನ ದೋಣಿ ಇದ್ದದ್ದೇ ಐದು ಗಂಟೆಗೆ." ಅವಳ ದನಿ ಒಡೆಯಿತು. "ಕೂತು ಯೋಚನೆ ಮಾಡಿ ಆಡಬಾರದಿತ್ತಾ?"

ತೊಮಿ ಮೊಣಕಾಲು ಹಿಡಿದು ಎದ್ದು, ಹಣ್ಣಿನ ಒಂದು ಹೋಳನ್ನು ಫೋಟೊದ ಮುಂದೆ, ನೀರಿನ ಲೋಟದ ಪಕ್ಕ ಇಟ್ಟಳು. ಆಮೇಲೆ ಹಿಂದಿರುಗಿ ಬಂದು ಇನ್ನೊಂದು ಹೋಳನ್ನೂ ಫೋಟೊದ ಮುಂದೆ ಇಡಲು ತೆಗೆದುಕೊಂಡು ಹೋದಳು.